ಗುಡ್ಡೆಯಜ್ಜಿ ಸುರಿದ ನೀರು

ನಮ್ಮ ಕಥೋಲಿಕ ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಹುಟ್ಟೂರಿನ ಇಗರ್ಜಿಯಿಂದ ಜ್ಞಾನಸ್ನಾನದ, ಎಂದರೆ ನೀರು ಸುರಿದು ಕ್ರೈಸ್ತರಾಗಿಸುವ ಸಂಸ್ಕಾರದ, ಪ್ರಮಾಣಪತ್ರ ತರಬೇಕು. 1996ರಲ್ಲಿ ಅದಕ್ಕೆಂದು ಹೋದಾಗ ಅಲ್ಲಿನ ಗುಮಾಸ್ತರು ಕಪಾಟಿನಿಂದ ದಪ್ಪ ರಿಜಿಸ್ಟರ್ ಇಳಿಸಿ, 1971ರ ಪುಟಗಳನ್ನು ಮಗುಚುತ್ತ ಹೋಗಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದರು. ಜ್ಞಾನಸ್ನಾನ ಕೊಟ್ಟವರ ಹೆಸರು ಬರೆಯುವ ಕಡೆ ಮೇಲಿಂದ ಕೆಳಗಿನವರೆಗೂ ಒಬ್ಬರೇ ಪಾದ್ರಿಗಳ ಹೆಸರು. ನನ್ನ ಸಾಲಿನಲ್ಲಿ ಮಾತ್ರ ಬೇರೆ ಹೆಸರು, ಅದೂ ಒಬ್ಬ ತುಳು ಹೆಂಗಸಿನದು. ಪಕ್ಕದಲ್ಲಿ ಲ್ಯಾಟಿನ್ ಭಾಷೆಯ ಮೂರು ಪದ: ಇನ್ ಪೆರಿಕುಲೊ ಮೊರ್ತಿಸ್. ಸಾವಿನ ಅಪಾಯದಲ್ಲಿ ಎಂದು ಅರ್ಥ.

"ಇವರು ನಮ್ಮವರೇ?" ಎಂದು ಗುಮಾಸ್ತರು ಕೇಳಿದರು. ಕ್ರೈಸ್ತರೇ ಎನ್ನುವುದು ಅವರ ಪ್ರಶ್ನೆ. ನಾನು ಹೌದು ಎಂದೆ. ನನ್ನ ಮನಸ್ಸಿನಲ್ಲಿದ್ದ 'ನಮ್ಮವರು' ಬೇರೆ.

ಆಕೆ ನಮ್ಮ ಮನೆಯ ಮೇಲಿನ ಗುಡ್ಡೆಯಲ್ಲಿದ್ದ ಸೂಲಗಿತ್ತಿ. ಊರಿಗೆಲ್ಲ ಗುಡ್ಡೆಯಜ್ಜಿ. ಕಾಸರಗೋಡಿನ ನಮ್ಮ ಮೂಲೆಯಲ್ಲಿ ಮನೆಯೊಳಗೆ ಕೊಂಕಣಿ, ಬೇಲಿಯಾಚೆ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ. ಅಜ್ಜಿ ನನ್ನ ಅಮ್ಮನನ್ನು ಬಾಯಿ ಎಂದೂ ಅಪ್ಪನನ್ನು ಪೊರ್ಬು ಎಂದೂ ಕರೆಯುತ್ತಿದ್ದರು. ತುಳುನಾಡಿನಲ್ಲಿ ಕ್ರೈಸ್ತ ನೆರೆಯವರನ್ನು ಕರೆಯುವುದೇ ಹಾಗೆ. ಸುತ್ತಲಿನ ಗುಡ್ಡೆಗಳಲ್ಲಿ ಅವರ ಕೈಗೆ ಬಂದ ಮಕ್ಕಳಿಗೆ ಲೆಕ್ಕವಿಟ್ಟವರಿಲ್ಲ. ಅವರ ಮನೆಯ ಅಂಗಳದಲ್ಲಿ ತುಳಸಿಕಟ್ಟೆ, ಹಿತ್ತಿಲ ಮೂಲೆಯಲ್ಲಿ ದೈವದ ಕಲ್ಲು. ಅಂಥ ಹೆಂಗಸಿನ ಕೈಯಿಂದ ನಾನು ಕ್ರೈಸ್ತಳಾದೆ. ಇದನ್ನು ಹೇಳಿದಾಗ ಹಿಂದೂ ಗೆಳತಿಯರು ನಗುತ್ತಾರೆ, ಕ್ರೈಸ್ತ ಗೆಳತಿಯರು ನಂಬುವುದಿಲ್ಲ.

ಕಥೆ ನನ್ನಿಂದ ಶುರುವಾಗುವುದಿಲ್ಲ. ನನಗಿಂತ ಎರಡು ವರ್ಷ ಮುಂಚೆ, 1969ರಲ್ಲಿ, ಅಮ್ಮನಿಗೆ ಒಂದು ಗಂಡುಮಗು ಹುಟ್ಟಿತ್ತು. ಅರ್ಧ ಗಂಟೆ ಬದುಕಿತು. ಆ ಗಡಿಬಿಡಿಯಲ್ಲಿ ಅದರ ತಲೆಗೆ ನೀರು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆಗಿನ ಕಥೋಲಿಕ ನಿಯಮದ ಪ್ರಕಾರ ಜ್ಞಾನಸ್ನಾನವಾಗದ ಮಗುವಿಗೆ ಇಗರ್ಜಿಯ ವಿಧಿಯಂತೆ ಶವಸಂಸ್ಕಾರ ಇಲ್ಲ, ಮಂತ್ರಿಸಿದ ನೆಲದಲ್ಲಿ ಜಾಗವೂ ಇಲ್ಲ. ಅಪ್ಪ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ತೋಟದ ಅಂಚಿನ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ಹೆಸರಿಲ್ಲ, ಶಿಲುಬೆಯಿಲ್ಲ. ಅಮ್ಮ ಆ ಮರದ ಹಣ್ಣನ್ನು ಒಮ್ಮೆಯೂ ತಿಂದದ್ದನ್ನು ನಾನು ಕಂಡಿಲ್ಲ.

ಬಾಣಂತನದ ದಿನಗಳಲ್ಲಿ ಅಮ್ಮ ಮಗು ಸತ್ತದ್ದಕ್ಕಿಂತ ಹೆಚ್ಚಾಗಿ ನೀರಿಲ್ಲದೆ ಸತ್ತಿತೆಂದು ಅಳುತ್ತಿದ್ದಳಂತೆ. ಎಣ್ಣೆ ತಿಕ್ಕಲು ಬರುತ್ತಿದ್ದ ಗುಡ್ಡೆಯಜ್ಜಿಗೆ ಇದು ಅರ್ಥವಾಗಲಿಲ್ಲ. ಆದರೆ ಅಳು ಅರ್ಥವಾಯಿತು. ಒಂದು ಆದಿತ್ಯವಾರ, ಪೂಜೆ ಬಿಡುವ ಹೊತ್ತಿಗೆ, ಆಕೆ ಇಗರ್ಜಿಯ ಮೆಟ್ಟಿಲ ಕೆಳಗೆ ನಿಂತಿದ್ದರು. ಪಾದ್ರಿಗಳು ಹೊರಗೆ ಬಂದಾಗ ಕೇಳಿದ್ದು ಒಂದೇ ಮಾತು: "ಸ್ವಾಮೀ, ಆ ನೀರು ಹಾಕುವುದನ್ನು ನನಗೂ ಕಲಿಸಿಕೊಡಿ. ನಿಮ್ಮವರ ಮಕ್ಕಳೂ ನನ್ನ ಕೈಗೇ ಬರುತ್ತವೆ."

ಪಾದ್ರಿಗಳು ಕಲಿಸಿದರು. ಅವರು ದೊಡ್ಡ ಧೈರ್ಯವನ್ನೇನೂ ಮಾಡಲಿಲ್ಲ, ಕರ್ತವ್ಯ ಮಾಡಿದರು. 1917ರ ಕಥೋಲಿಕ ಧರ್ಮಸಂಹಿತೆಯ 743ನೆಯ ನಿಯಮವೇ ಹೇಳುತ್ತಿತ್ತು: ತುರ್ತಿನಲ್ಲಿ ಜ್ಞಾನಸ್ನಾನ ಕೊಡುವ ಸರಿಯಾದ ಕ್ರಮವನ್ನು ಜನ, ಅದರಲ್ಲೂ ಸೂಲಗಿತ್ತಿಯರು ಮತ್ತು ವೈದ್ಯರು, ಚೆನ್ನಾಗಿ ಕಲಿತಿರುವಂತೆ ಆಯಾ ಇಗರ್ಜಿಯ ವಿಚಾರಣಾ ಗುರು ನೋಡಿಕೊಳ್ಳಬೇಕು ಎಂದು. ಕಲಿಯಲು ಹೆಚ್ಚೇನೂ ಇಲ್ಲ. ನೀರು ಹಣೆಯ ಮೇಲೆ ಹರಿಯಬೇಕು. ಹರಿಯುವಾಗಲೇ ಮಾತು ಬಾಯಿಂದ ಬರಬೇಕು: ಪಿತನ, ಪುತ್ರನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಸ್ನಾನ ಕೊಡುತ್ತೇನೆ. ಅಜ್ಜಿ ಅದನ್ನು ಕೊಂಕಣಿಯಲ್ಲೇ ಬಾಯಿಪಾಠ ಮಾಡಿಕೊಂಡರು. 'ಬಾಪಾಚ್ಯಾ, ಪುತಾಚ್ಯಾ' ಎಂದು ಗೊಣಗುತ್ತ ಗುಡ್ಡೆ ಹತ್ತಿದರೆಂದು ಅಮ್ಮ ನೆನೆಯುತ್ತಿದ್ದಳು, ಮಕ್ಕಳು ಮಗ್ಗಿ ಹೇಳಿಕೊಂಡು ಹೋಗುವ ಹಾಗೆ.

1971ರ ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಏಳು ತಿಂಗಳಿಗೇ ನಾನು ಹುಟ್ಟಿದೆ. ತೋಡು ತುಂಬಿ ಅದನ್ನು ದಾಟುವ ಸಂಕ ಮುಳುಗಿತ್ತು. ಅಪ್ಪ ಕುಂಬಳೆಯಿಂದ ಜೀಪು ತರುತ್ತೇನೆಂದು ಹೋದವರು ಮರುದಿನ ಮಧ್ಯಾಹ್ನ ಒದ್ದೆಯಾಗಿ, ಜೀಪಿಲ್ಲದೆ ಬಂದರು. ರಾತ್ರಿ ನನ್ನ ಮೈ ನೀಲಿಗಟ್ಟಿ ಉಸಿರು ನಿಂತು ನಿಂತು ಬರುತ್ತಿತ್ತು. ಅಮ್ಮನಿಗೆ ಪ್ರಜ್ಞೆ ಇರಲಿಲ್ಲ. ಹಂಡೆಯ ಬಳಿ ನನ್ನನ್ನು ಎಡಗೈಯಲ್ಲಿ ಮಲಗಿಸಿಕೊಂಡು ಅಜ್ಜಿ ಚೆಂಬಿನಿಂದ ನೀರು ಸುರಿದರು. ಆಮೇಲೆ ಕಿವಿಗೆ ನೀರು ಹೋಯಿತೆಂದು ತಮ್ಮನ್ನೇ ಬೈದುಕೊಂಡು ಸೀರೆಯ ಸೆರಗಿನಿಂದ ಒರೆಸಿದರು. ಹೊಸ ಕೂಸಿನ ಕಿವಿಗೆ ನೀರು ಹೋಗಬಾರದು. ಅದು ಅವರ ಕಸುಬಿನ ನಿಯಮ, ಯಾವ ಧರ್ಮಸಂಹಿತೆಗಿಂತಲೂ ಹಳೆಯದು.

ನಾನು ಬದುಕಿದೆ. ಎರಡು ತಿಂಗಳ ನಂತರ ನನ್ನನ್ನು ಇಗರ್ಜಿಗೆ ಒಯ್ದಾಗ ಅಲ್ಲಿಗೆ ಹೊಸ ಪಾದ್ರಿಗಳು ಬಂದಾಗಿತ್ತು. ಅವರು ಅಜ್ಜಿಯನ್ನು ಕರೆಸಿ, ಕುರ್ಚಿ ಕೊಟ್ಟು, ವಿಚಾರಿಸಿದರು. ಒಮ್ಮೆ ಆದ ಜ್ಞಾನಸ್ನಾನವನ್ನು ಮತ್ತೆ ಕೊಡುವಂತಿಲ್ಲ. ಆಗಿದೆಯೋ ಇಲ್ಲವೋ ಎಂಬುದು ಖಚಿತವಾಗಬೇಕು.

"ಯಾವ ನೀರು?"

"ಗುಡ್ಡೆಯ ಸುರಂಗದ್ದು. ಬಹಳ ತಣ್ಣಗಿತ್ತು, ಕೂಸು ತಡೆಯುವುದಿಲ್ಲವೆಂದು ಹಂಡೆಯ ಬಿಸಿನೀರು ಬೆರೆಸಿದೆ. ತಪ್ಪಾಯಿತೇ?"

"ಇಲ್ಲ. ಏನು ಹೇಳಿದಿರಿ?"

ಅಜ್ಜಿ ಕೊಂಕಣಿಯಲ್ಲಿ ಒಪ್ಪಿಸಿದರು.

"ಏನು ನೆನೆದುಕೊಂಡು ಸುರಿದಿರಿ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: "ನನಗೇನು ಗೊತ್ತು ಸ್ವಾಮೀ. ನೀವು ಸುರಿದರೆ ಏನಾಗುತ್ತದೋ ಅದೇ ಆಗಲಿ ಎಂದು ಸುರಿದೆ."

ಪಾದ್ರಿಗಳು ಪೆನ್ನು ತೆಗೆದುಕೊಂಡು ಬರೆದರು. ಅಂದು ನನಗೆ ಕ್ರಿಸ್ಮ ಎಂಬ ಮಂತ್ರಿಸಿದ ಎಣ್ಣೆ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು, ಪಾಸ್ಕದ, ಎಂದರೆ ಈಸ್ಟರ್ ಹಬ್ಬದ, ದೊಡ್ಡ ಮೇಣದಬತ್ತಿಯಿಂದ ಒಂದು ಸಣ್ಣ ಬತ್ತಿ ಹೊತ್ತಿಸಿ ಜ್ಞಾನತಂದೆಯ ಕೈಗೆ ಕೊಟ್ಟರು. ನೀರು ಮಾತ್ರ ಹಾಕಲಿಲ್ಲ.

ಅಜ್ಜಿಯ ಆ ಉತ್ತರದ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. 1439ರಲ್ಲಿ ಫ್ಲಾರೆನ್ಸ್ ನಗರದಲ್ಲಿ ನಡೆದ ಬಿಷಪರ ಮಹಾಸಭೆ ಅರ್ಮೇನಿಯದ ಕ್ರೈಸ್ತರಿಗೆ ಬರೆದುಕೊಟ್ಟ ಆದೇಶದಲ್ಲಿ ಒಂದು ಸಾಲಿದೆ. ತುರ್ತಿನಲ್ಲಿ ಪಾದ್ರಿಯಷ್ಟೇ ಅಲ್ಲ, ಸಾಮಾನ್ಯ ಗಂಡಸು, ಹೆಂಗಸು, ಅನ್ಯಧರ್ಮದವರು ಕೂಡ ಜ್ಞಾನಸ್ನಾನ ಕೊಡಬಹುದು. ಕ್ರಮ ತಪ್ಪಬಾರದು, ಮತ್ತು ಧರ್ಮಸಭೆ, ಎಂದರೆ ಇಡೀ ಕ್ರೈಸ್ತ ಸಮುದಾಯ, ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿರಬೇಕು. ಅಷ್ಟೇ ಷರತ್ತು. ನಂಬಿಕೆ ಇರಬೇಕೆಂದು ಅಲ್ಲಿ ಹೇಳಿಲ್ಲ. 'ನೀವು ಸುರಿದರೆ ಏನಾಗುತ್ತದೋ ಅದೇ ಆಗಲಿ'. ದೇವಶಾಸ್ತ್ರದ ಪಂಡಿತರು ವರ್ಷಗಟ್ಟಲೆ ಓದಿ ಹೇಳುವುದನ್ನು ಅಕ್ಷರ ಬಾರದ ಹೆಂಗಸು ಒಂದು ಉಸಿರಿನಲ್ಲಿ ಹೇಳಿ ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗಿದ್ದರು.

ಈ ಔದಾರ್ಯ ಸುಲಭವಾಗಿ ಬಂದದ್ದಲ್ಲ. ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಪಂಥ ಬಿಟ್ಟು ಹೋದವರು ಕೊಟ್ಟ ಸ್ನಾನ ಸ್ನಾನವೇ ಅಲ್ಲ ಎಂದು ಹಟ ಹಿಡಿದಿದ್ದರು. ತನ್ನಲ್ಲಿಲ್ಲದ್ದನ್ನು ಒಬ್ಬ ಹೇಗೆ ಕೊಟ್ಟಾನು ಎಂಬುದು ಅವರ ವಾದ. ಕೇಳಲು ಸರಿಯಾಗಿಯೇ ಇದೆ. ರೋಮಿನ ಪೋಪ್ ಸ್ಟೀಫನ್ ಒಪ್ಪಲಿಲ್ಲ. ಇಬ್ಬರಿಗೂ ಜಗಳವೇ ಆಯಿತು. ಮುಂದೆ ಅದೇ ಕಡೆಯ ಇನ್ನೊಬ್ಬ ಬಿಷಪ್ ಆಗಸ್ಟೀನ್ ಅದನ್ನು ಬೇರೆ ಕಡೆಯಿಂದ ಬಿಡಿಸಿದರು: ಶಿಷ್ಯ ಪೇತ್ರನು ಸ್ನಾನ ಕೊಟ್ಟರೂ ಕೊಡುವವನು ಕ್ರಿಸ್ತ, ಗುರುವನ್ನೇ ಹಿಡಿದುಕೊಟ್ಟ ಯೂದನು ಕೊಟ್ಟರೂ ಕೊಡುವವನು ಕ್ರಿಸ್ತ. ಸುರಿಯುವವರ ಯೋಗ್ಯತೆಯನ್ನು ಅಳೆಯತೊಡಗಿದರೆ ಲೋಕದಲ್ಲಿ ಯಾರ ಸ್ನಾನವೂ ಖಚಿತವಲ್ಲ. 866ರಲ್ಲಿ ಬಲ್ಗೇರಿಯದಿಂದ ಪೋಪ್ ಒಂದನೆಯ ನಿಕೋಲಸ್‌ಗೆ ಒಂದು ಪ್ರಶ್ನೆ ಬಂತು: ನಮ್ಮಲ್ಲಿ ಒಬ್ಬ ಯೆಹೂದಿ ಅನೇಕರಿಗೆ ಜ್ಞಾನಸ್ನಾನ ಕೊಟ್ಟಿದ್ದಾನೆ, ಅವರನ್ನು ಏನು ಮಾಡೋಣ? ಪಿತ, ಪುತ್ರ, ಪವಿತ್ರಾತ್ಮರೆಂಬ ತ್ರಯೇಕ ದೇವರ ಹೆಸರಿನಲ್ಲಿ ಆಗಿದ್ದರೆ ಮತ್ತೆ ಕೊಡಬೇಕಾಗಿಲ್ಲ ಎಂದು ಉತ್ತರ ಹೋಯಿತು. ಆ ಯೆಹೂದಿ ಯಾರು, ಯಾಕೆ ಹಾಗೆ ಮಾಡಿದ ಎಂದು ಯೋಚಿಸುತ್ತ ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಅವನ ಊರಿನಲ್ಲೂ ಯಾರೋ ಅತ್ತಿರಬೇಕು.

ಇನ್ನು ನೀರಿನ ವಿಷಯ.

ಕನ್ನಡದಲ್ಲಿ ನಾವು ಜ್ಞಾನಸ್ನಾನ ಎನ್ನುತ್ತೇವೆ, ಪ್ರೊಟೆಸ್ಟೆಂಟರು ದೀಕ್ಷಾಸ್ನಾನ ಎನ್ನುತ್ತಾರೆ. ನಮ್ಮ ಜಿಲ್ಲೆಯ ಪೂರ್ವದ ಮಲೆಗಳಿಗೆ ತಿರುವಾಂಕೂರಿನ ಕಡೆಯಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರು ಮಾಮೋದೀಸ ಎನ್ನುತ್ತಾರೆ; ಅದು ಸಿರಿಯಾಕ್ ಭಾಷೆಯ ಮಾತು. ಜ್ಞಾನವೂ ದೀಕ್ಷೆಯೂ ನಮ್ಮ ನೆಲದ ದೊಡ್ಡ ಶಬ್ದಗಳು, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಸ್ನಾನದ ಬಗ್ಗೆ. ಸ್ನಾನ ಎಂದೊಡನೆ ನಮಗೆ ಕೊಳೆ, ಮೈಲಿಗೆ, ಮಡಿ ನೆನಪಾಗುತ್ತವೆ. ಪಾಪ ತೊಳೆಯುವ ನೀರು ಎನ್ನುವ ಅರ್ಥ ಇಲ್ಲವೆಂದಲ್ಲ, ಬೈಬಲ್ಲಿನಲ್ಲೇ ಇದೆ. ಆದರೆ ಅದೊಂದನ್ನೇ ಹಿಡಿದರೆ ಮನುಷ್ಯ ಲೆಕ್ಕ ಹಾಕತೊಡಗುತ್ತಾನೆ. ಒಂದೇ ಸಲ ಸಿಗುವ ತೊಳೆತವಾದರೆ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನವಲ್ಲವೇ? ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪರ ನಿಂತು ಎಷ್ಟೋ ವರ್ಷ ಆಳಿದರೂ ಜ್ಞಾನಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಆ ಕಾಲದಲ್ಲಿ ಹಾಗೆ ಮುಂದೂಡಿದವರು ಅವನೊಬ್ಬನೇ ಅಲ್ಲ.

ಗ್ರೀಕ್ ಮೂಲದ ಬಪ್ತಿಜೋ ಎಂಬ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂದು ಅರ್ಥ. ಹಡಗು ಮುಳುಗಿದರೂ ಅದೇ ಪದ. ಯೇಸುವಿನ ಪ್ರೇಷಿತ ಪೌಲನು ರೋಮಿನವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಮಾತಾಡುವುದು ಕೊಳೆಯ ಬಗ್ಗೆ ಅಲ್ಲ, ಹೂಳುವುದರ ಬಗ್ಗೆ: ನಾವು ಕ್ರಿಸ್ತನ ಜೊತೆ ಹೂಣಿಡಲ್ಪಟ್ಟೆವು, ಅವನು ಎದ್ದಂತೆ ನಾವೂ ಹೊಸ ಜೀವದಲ್ಲಿ ನಡೆಯಬೇಕು. ನಾಲ್ಕನೆಯ ಶತಮಾನದ ಯೆರೂಸಲೇಮಿನ ಬಿಷಪ್ ಸಿರಿಲ್, ಆಗ ತಾನೇ ಸ್ನಾನ ಪಡೆದವರಿಗೆ ವಿವರಿಸುತ್ತ, ನೀವು ಮೂರು ಸಲ ಮುಳುಗಿ ಎದ್ದದ್ದು ಕ್ರಿಸ್ತನು ಸಮಾಧಿಯಲ್ಲಿದ್ದ ಮೂರು ದಿನ ಎನ್ನುತ್ತಾರೆ. ಆ ನೀರು ನಿಮಗೆ ಗೋರಿಯೂ ಹೌದು, ತಾಯಿಯೂ ಹೌದು ಎನ್ನುತ್ತಾರೆ. ಗೋರಿ ಮತ್ತು ಗರ್ಭ ಒಂದೇ ಕಡೆ. ತೊಳೆದುಕೊಳ್ಳುವುದನ್ನು ನಾಳೆಗೆ ಇಟ್ಟುಕೊಳ್ಳಬಹುದು. ಹುಟ್ಟುವುದನ್ನು ಯಾರು ಮುಂದೂಡುತ್ತಾರೆ?

ಈ ಮಾತು ನನಗೆ ಪುಸ್ತಕದಿಂದ ಅರ್ಥವಾಗಲಿಲ್ಲ, ನಮ್ಮ ಮನೆಯ ಸುರಂಗದಿಂದ ಅರ್ಥವಾಯಿತು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಹೋದವರಿಗೆ ಗೊತ್ತು. ಇಲ್ಲಿ ಬಾವಿಗಿಂತ ಸುರಂಗದ್ದೇ ಹೆಚ್ಚು ಮಾತು. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತ ಹೋಗುವುದು. ಒಬ್ಬ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ಒಬ್ಬ ಪಿಕ್ಕಾಸಿನಿಂದ ಕಡಿಯುತ್ತಾನೆ, ಇನ್ನೊಬ್ಬ ಮಣ್ಣನ್ನು ಹೊರಗೆ ಎಳೆಯುತ್ತಾನೆ. ಮೇಣದಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ, ಬತ್ತಿ ಆರಿದರೆ ಗಾಳಿ ಇಲ್ಲವೆಂದು ಹೊರಗೆ ಓಡಬೇಕು. ನನ್ನ ಅಜ್ಜ ಎರಡು ಬೇಸಿಗೆ ಕೊರೆಸಿದರು. ಒಸರು ಸಿಕ್ಕಿದ ದಿನ ಒಳಗಿದ್ದ ಆಳು ಮೊದಲು ಕೂಗಲಿಲ್ಲ, ಅತ್ತನಂತೆ. ನೆಲ ಸ್ವಲ್ಪ ಇಳಿಜಾರಾಗಿರುವುದರಿಂದ ನೀರು ತಾನಾಗಿ ಹೊರಗೆ ಬರುತ್ತದೆ, ಪಂಪು ಬೇಡ. ಬಾಯಿಗೆ ಒಂದು ಅಡಿಕೆ ಹಾಳೆ ಕಟ್ಟಿದರೆ ಕೊಡಕ್ಕೆ ಬೀಳುತ್ತದೆ.

ಸಣ್ಣವಳಿದ್ದಾಗ ಪಂಥ ಕಟ್ಟಿ ಒಮ್ಮೆ ಕೊನೆಯವರೆಗೆ ಹೋಗಿದ್ದೆ. ಹತ್ತು ಹೆಜ್ಜೆಗೆ ಬೆಳಕು ಹೋಯಿತು. ಇಪ್ಪತ್ತಕ್ಕೆ ನನ್ನ ಉಸಿರೇ ನನಗೆ ಇನ್ನೊಬ್ಬರದಾಗಿ ಕೇಳಿಸಿತು. ಗೋಡೆ ತೇವ, ಬಾವಲಿಯ ವಾಸನೆ, ಕಾಲಡಿ ತಣ್ಣೀರು. ಕೊನೆಯಲ್ಲಿ ಕೈಯಿಟ್ಟರೆ ಕಲ್ಲಿನ ಸಂದಿಯಿಂದ ಒಸರು ಬೆರಳಿಗೆ ತಾಗಿತು. ಹೊರಗೆ ಬಂದಾಗ ಬೆಳಕು ಹೊಡೆದು ಕಣ್ಣು ಮುಚ್ಚಿಕೊಂಡೆ. ಮುಂದೆ ಯಾವಾಗ 'ಗೋರಿಯೂ ತಾಯಿಯೂ' ಎಂದು ಓದಿದೆನೋ, ಆಗ ಸಿರಿಲ್ ನಮ್ಮ ಕಡೆಯವರೇ ಇರಬೇಕು ಎನಿಸಿತ್ತು.

ಇನ್ನೊಂದು. ನಮ್ಮಲ್ಲಿ ನೀರು ಸಿಕ್ಕಿತು ಎನ್ನುತ್ತಾರೆ. ಎರಡು ಬೇಸಿಗೆ ಕಡಿದವನೂ ನಾನು ನೀರು ತಂದೆ ಎನ್ನುವುದಿಲ್ಲ. ಅಜ್ಜಿ ಬಿಸಿನೀರು ಬೆರೆಸಿದ್ದಕ್ಕೆ ಹೆದರಿದ್ದರಲ್ಲ, ಅದಕ್ಕೂ ಹಳೆಯ ಉತ್ತರವಿದೆ. ದಿದಖೆ ಎಂಬ ಕ್ರೈಸ್ತರ ಅತಿ ಹಳೆಯ ಕೈಪಿಡಿಯ ಏಳನೆಯ ಅಧ್ಯಾಯ ಹೇಳುವುದು ಹೀಗೆ: ಜೀವಜಲದಲ್ಲಿ, ಎಂದರೆ ಹರಿಯುವ ನೀರಿನಲ್ಲಿ ಕೊಡಿ; ಅದಿಲ್ಲದಿದ್ದರೆ ಬೇರೆ ನೀರಿನಲ್ಲಿ; ತಣ್ಣೀರಿನಲ್ಲಿ ಆಗದಿದ್ದರೆ ಬಿಸಿನೀರಿನಲ್ಲಿ; ಅದೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಇದನ್ನು ಬರೆದವರು ಯಾರೋ, ಅವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು ಎಂದು ನನ್ನ ಊಹೆ.

ಶಿರಿಯ ಹೊಳೆಯಲ್ಲಿ ಒಮ್ಮೆ ಬೇರೆ ಬಗೆಯ ಸ್ನಾನ ನೋಡಿದೆ. ಪೆಂತೆಕೋಸ್ತ್ ಸಭೆಯ ಹತ್ತು ಹನ್ನೆರಡು ಜನ ಮಲಯಾಳದಲ್ಲಿ ಹಾಡುತ್ತ ದಡದಲ್ಲಿ ನಿಂತಿದ್ದರು. ಇಪ್ಪತ್ತು ದಾಟಿದ ಹುಡುಗನೊಬ್ಬ ಬಿಳಿ ಅಂಗಿಯಲ್ಲಿ ಸೊಂಟದವರೆಗಿನ ನೀರಿಗೆ ಇಳಿದ. ಪಾಸ್ಟರ್ ಒಂದು ಕೈ ಬೆನ್ನಿಗೂ ಒಂದು ಕೈ ಎದೆಗೂ ಇಟ್ಟು ಹಿಂದಕ್ಕೆ ಮಲಗಿಸಿ ಪೂರ್ತಿ ಮುಳುಗಿಸಿದರು. ಒಂದು ಕ್ಷಣ ಹುಡುಗ ಇಲ್ಲ, ಹೊಳೆ ಮಾತ್ರ. ಎದ್ದು ಬಂದಾಗ ಅವನು ಬಾಯಿ ತೆರೆದು ಉಸಿರೆಳೆದುಕೊಂಡ ಸದ್ದು ಸೇತುವೆಯ ಮೇಲಿದ್ದ ನನಗೂ ಕೇಳಿಸಿತು. ಅದು ಥೇಟು ಹೊಸ ಕೂಸಿನ ಮೊದಲ ಉಸಿರು. ನಮ್ಮ ಇಗರ್ಜಿಗಳಲ್ಲಿ ಬೆಳ್ಳಿಯ ಚಿಪ್ಪಿನಿಂದ ಮೂರು ಹನಿ ಸುರಿದು ಟವೆಲಿನಿಂದ ಒರೆಸುವಾಗ ಈ ಸಾವು ಬದುಕಿನ ಗಾಂಭೀರ್ಯ ಎಲ್ಲೋ ಕಳೆದುಹೋಗಿದೆ ಎಂದು ಒಪ್ಪಿಕೊಳ್ಳಬೇಕು. ನಮ್ಮ ಕಡೆ ಈಗ ಬಿರಿಯಾನಿಯ ಲೆಕ್ಕವೇ ದೊಡ್ಡದು.

ಆ ಹುಡುಗನ ಸಭೆಯವರು ನನ್ನದನ್ನು ಸ್ನಾನವೆಂದೇ ಒಪ್ಪುವುದಿಲ್ಲ. ನಂಬಿದವನೇ ಕೇಳಿ ಪಡೆಯಬೇಕು, ಕೂಸಿಗೆ ಏನು ಗೊತ್ತು ಎನ್ನುತ್ತಾರೆ. ಈ ಮಾತಿಗಾಗಿ ಜೀವ ತೆತ್ತವರಿದ್ದಾರೆ. 1525ರಲ್ಲಿ ಜೂರಿಕ್ ನಗರದಲ್ಲಿ ದೊಡ್ಡವರಾದ ಮೇಲೆ ಮತ್ತೆ ಸ್ನಾನ ಪಡೆದವರಲ್ಲಿ ಫೆಲಿಕ್ಸ್ ಮಾಂಟ್ಸ್ ಒಬ್ಬ. ಅವನನ್ನು 1527ರ ಜನವರಿಯಲ್ಲಿ ಲಿಮ್ಮಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಮತ್ತೆ ಸ್ನಾನ ಬೇಕೆಂದವನಿಗೆ ನೀರಿನಲ್ಲಿ ಮುಳುಗಿಸಿಯೇ ಶಿಕ್ಷೆ. ಕ್ರೈಸ್ತರು ಕ್ರೈಸ್ತರಿಗೆ ಮಾಡಿದ್ದು. ಅಂಥವರ ಮುಂದೆ ನಾನು ವಾದ ಹೂಡುವುದಿಲ್ಲ.

ಆದರೂ ಒಬ್ಬ ಹುಡುಗನನ್ನು ನೆನೆಯುತ್ತೇನೆ. ಸ್ವರ್ಗ, ಪಡ್ರೆ ಎಂಬ ಊರುಗಳ ಹೆಸರನ್ನು ಪತ್ರಿಕೆಯಲ್ಲಿ ಓದಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಅದು ಗುಡ್ಡೆಯಿಂದ ಇಳಿದು ತೋಡಿಗೆ, ಕೆರೆಗೆ, ಸುರಂಗಕ್ಕೆ ಬಂತು. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿದ್ದು 2011ರಲ್ಲಿ. ಆ ಕಡೆಯ ಒಂದು ಮನೆಯಲ್ಲಿ ಇಪ್ಪತ್ತು ವರ್ಷದ ಹುಡುಗ ಚಾಪೆಯ ಮೇಲೆ ಮಲಗಿದ್ದ. ಒಂದು ಮಾತು ಆಡಿದವನಲ್ಲ, ತಾಯಿಯನ್ನು ಗುರುತಿಸುವನೋ ಇಲ್ಲವೋ ತಾಯಿಗೂ ಖಚಿತವಿಲ್ಲ. ಗೋಡೆಯಲ್ಲಿ ಅವನ ಜ್ಞಾನಸ್ನಾನದ ಫೋಟೊ. ಅವನು ಯಾವತ್ತೂ ನಂಬುತ್ತೇನೆ ಎಂದು ಹೇಳಲಾರ, ದಡದಲ್ಲಿ ನಿಂತು ಸಾಕ್ಷಿ ಕೊಡಲಾರ. ಅರಿತು ಕೇಳಿದವನಿಗೆ ಮಾತ್ರ ಎನ್ನುವುದಾದರೆ ಈ ನೀರು ಅವನಿಗಿಲ್ಲ. ಸುರಿಯಬಾರದ್ದನ್ನೆಲ್ಲ ಅವನ ಮೇಲೆ ಕೇಳದೆ ಸುರಿದಿದ್ದಾರೆ. ಕೇಳದೆ ಸುರಿದ ಒಂದು ಒಳ್ಳೆಯದೂ ಇರಲಿ.

ಯಾರೂ ತನಗೆ ತಾನೇ ಜ್ಞಾನಸ್ನಾನ ಕೊಟ್ಟುಕೊಳ್ಳುವಂತಿಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ಇಂಗ್ಲಿಷ್ ಪ್ರಸಂಗಿ ಜಾನ್ ಸ್ಮಿತ್, ಯಾವ ಸಭೆಯೂ ಶುದ್ಧವಲ್ಲವೆಂದು ತೀರ್ಮಾನಿಸಿ ತನ್ನ ತಲೆಗೆ ತಾನೇ ನೀರು ಹೊಯ್ದುಕೊಂಡ. ಆಮೇಲೆ ಅವನಿಗೇ ಅದು ತಪ್ಪೆನಿಸಿತು. ಯೇಸು ಕೂಡ ಜೋರ್ದಾನ್ ಹೊಳೆಗೆ ಒಬ್ಬನೇ ಇಳಿದು ಮುಳುಗಿ ಬರಲಿಲ್ಲ. ಅಲ್ಲಿ ಸ್ನಾನ ಕೊಡುತ್ತಿದ್ದ ಯೋಹಾನನ ಬಳಿ ಬಂದ ಪಾಪಿಗಳ ನಡುವೆ ನಿಂತ. ಯೋಹಾನ ಬೇಡವೆಂದ, ನಿನ್ನಿಂದ ನಾನು ಪಡೆಯಬೇಕಾದವನು ಎಂದ. ಈಗ ಒಪ್ಪಿಕೋ ಎಂದು ಯೇಸು ತಲೆಬಾಗಿದ. ದೇವರ ಮಗನೆಂದು ನಾವು ನಂಬುವವನೂ ಇನ್ನೊಬ್ಬರ ಕೈಗೆ ಮೈ ಕೊಟ್ಟದ್ದು ನನಗೆ ಆ ಕಥೆಯಲ್ಲಿ ಆಕಾಶ ತೆರೆದದ್ದಕ್ಕಿಂತ ದೊಡ್ಡ ಅಚ್ಚರಿ. ಹುಟ್ಟುವಾಗಲೂ ಹಾಗೆಯೇ, ಯಾರೋ ಕೈ ಒಡ್ಡಿರಬೇಕು.

ನಮ್ಮವರು ಈ ಕೈಗಳನ್ನೂ ಅಳೆದವರೇ. ಸ್ನಾನ ಪಡೆದವರಲ್ಲಿ ಯೆಹೂದಿ ಗ್ರೀಕ ಎಂದಿಲ್ಲ, ದಾಸ ಸ್ವತಂತ್ರ ಎಂದಿಲ್ಲ ಎಂದು ಪೌಲ ಗಲಾತ್ಯದವರಿಗೆ ಬರೆದ. ಕರಾವಳಿಯ ಕಥೋಲಿಕರಲ್ಲಿ ಬಾಮಣ್, ಚಾರಡಿ, ಸುದಿರ್ ಎಂಬ ಲೆಕ್ಕ ಮದುವೆಯ ಮಾತು ಬಂದಾಗ ತಲೆಮಾರುಗಳವರೆಗೆ ಏಳುತ್ತಲೇ ಬಂತು. ನೀರಿನಲ್ಲಿ ಸಾಯಬೇಕಾಗಿದ್ದ ಜಾತಿ ಈಜು ಕಲಿತು ದಡ ಸೇರಿತ್ತು. ನನ್ನ ಮದುವೆಯ ಮಾತುಕತೆಯಲ್ಲೂ ರಿಜಿಸ್ಟರಿನ ಆ ಹೆಸರು ನೋಡಿ ಗಂಡಿನ ಕಡೆಯ ಹಿರಿಯರೊಬ್ಬರು ಮೂಗು ಮುರಿದಿದ್ದರು. ಆ ಸಂಬಂಧ ಮುರಿಯಲಿಲ್ಲ. ಅವರಿಗೆ ಊಟದಲ್ಲಿ ಉಪ್ಪು ಕಡಿಮೆಯಾಯಿತು ಎಂಬಷ್ಟೇ ಸೇಡು ನಮ್ಮ ಕಡೆಯವರು ತೀರಿಸಿಕೊಂಡರು.

ಹಲಸಿನ ಬುಡದ ಮಗುವಿನ ಕಥೆ ಮುಗಿದದ್ದು 2007ರಲ್ಲಿ, ಮುಗಿಯಿತು ಎನ್ನಬಹುದಾದರೆ. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳು ನರಕಕ್ಕೂ ಅಲ್ಲ, ಸ್ವರ್ಗಕ್ಕೂ ಅಲ್ಲ, ಲಿಂಬೋ ಎಂಬ ಅಂಚಿನ ಜಾಗಕ್ಕೆ ಹೋಗುತ್ತವೆ ಎಂದು ಅಮ್ಮನ ಕಾಲದ ಧರ್ಮೋಪದೇಶ ಕಲಿಸುತ್ತಿತ್ತು. ಅದು ಎಂದೂ ಧರ್ಮಸಭೆಯ ಅಧಿಕೃತ ಸಿದ್ಧಾಂತವಾಗಿರಲಿಲ್ಲ, ಆದರೆ ತಾಯಂದಿರಿಗೆ ಆ ವ್ಯತ್ಯಾಸ ಹೇಳಿದವರು ಯಾರು? 1992ರ ಕಥೋಲಿಕ ಧರ್ಮೋಪದೇಶ ಸಂಹಿತೆ ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದಿತು. ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ದೇವರೇ ತನ್ನ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಎಂದೂ ಹೇಳಿತು. 2007ರ ಏಪ್ರಿಲಿನಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ, ಈ ಮಕ್ಕಳು ರಕ್ಷಣೆ ಹೊಂದುತ್ತಾರೆಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದು ಪ್ರಕಟಿಸಿತು. ಆ ಸುದ್ದಿ ಓದಿ ಹೇಳಿದೆ. ಅಮ್ಮ ಅಡಿಕೆ ಸುಲಿಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು: "ಮೂವತ್ತೆಂಟು ವರ್ಷ ಆಯಿತಲ್ಲ. ಇದನ್ನು ಮೊದಲೇ ಹೇಳಲು ಏನಾಗಿತ್ತು?"

ನನ್ನ ಬಳಿ ಉತ್ತರವಿರಲಿಲ್ಲ. ಸಂಜೆ ಅಮ್ಮ ಕೋಲು ಊರಿಕೊಂಡು ಗುಡ್ಡೆ ಹತ್ತಿದಳು, ನಾನೂ ಹಿಂದೆ ಹೋದೆ. ಅಜ್ಜಿಗೆ ಎಂಬತ್ತು ದಾಟಿತ್ತು, ಜಗಲಿಯಲ್ಲಿ ಕೂತಿದ್ದರು. ಅಮ್ಮ ಎಲ್ಲವನ್ನೂ ತುಳುವಿನಲ್ಲಿ ಹೇಳಿದಳು. ರೋಮ್, ಪೋಪ್, ಆಯೋಗ ಎಲ್ಲವೂ ತುಳುವಿನಲ್ಲಿ ಎಷ್ಟು ಚಿಕ್ಕದಾಗಿ ಕೇಳಿಸಿತು! ಅಜ್ಜಿ ಕೇಳಿ ಮುಗಿಸಿ, "ಅದು ಎಲ್ಲಿಗೆ ಹೋಯಿತೆಂದು ಕಂಡವರು ಯಾರು ಬಾಯಿ? ನನ್ನ ಕೈಯಲ್ಲಿ ಬಂತು, ನನ್ನ ಕೈಯಲ್ಲೇ ಹೋಯಿತು. ಹೋಗುವಾಗ ಬೆಚ್ಚಗಿತ್ತು" ಎಂದರು. ಅಮ್ಮ ಮೂವತ್ತೆಂಟು ವರ್ಷಕ್ಕಾಗಿ ಅತ್ತದ್ದು ಆಗ, ಆ ಜಗಲಿಯಲ್ಲಿ. ಬೆಚ್ಚಗಿತ್ತು ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

ಎರಡು ವರ್ಷದ ನಂತರ, ಮತ್ತೆ ಆಟಿಯಲ್ಲೇ, ಅಜ್ಜಿ ಮಲಗಿದರು. ಅವರ ಮಗಳು ಮಳೆಯಲ್ಲಿ ನಮ್ಮ ಅಂಗಳಕ್ಕೆ ಬಂದು, ನಿಮ್ಮ ಸುರಂಗದ ನೀರು ಬೇಕಂತೆ, ಅಕ್ಕನೇ ತರಬೇಕಂತೆ ಎಂದಳು. ಅಕ್ಕ ಎಂದರೆ ನಾನು. ಸಂಬಂಧಪಟ್ಟವರು ಕೊನೆಯ ಹೊತ್ತಿನಲ್ಲಿ ಬಾಯಿಗೆ ನೀರು ಬಿಡುವುದು ಅವರ ಕ್ರಮ. ಹಾಳೆಯ ಕೆಳಗೆ ಚೆಂಬು ಹಿಡಿದೆ. ಅರ್ಧದಷ್ಟು ತುಂಬುವವರೆಗೆ ಕಾದು, ಸೆರಗು ಮುಚ್ಚಿಕೊಂಡು ಹತ್ತಿದೆ.

ಒಳಗೆ ಮಕ್ಕಳು ಮೊಮ್ಮಕ್ಕಳು ಒಬ್ಬೊಬ್ಬರಾಗಿ ತುಳಸಿ ಎಲೆಯಿಂದ ಹನಿ ಬಿಟ್ಟರು. ನನ್ನ ಸರದಿ ಬಂತು. ಏನಾದರೂ ಹೇಳಬೇಕೇ ಎಂದು ಅವರ ಮಗಳನ್ನು ಕೇಳಿದೆ. ನಿಮಗೆ ಬಂದದ್ದು ಹೇಳಿ ಎಂದಳು. ನನಗೆ ಏನೂ ಬರಲಿಲ್ಲ. ಎಲೆ ತುದಿಯಿಂದ ಮೂರು ಹನಿ ಬಿಟ್ಟೆ. ನೀರು ತುಟಿಯ ಅಂಚಿನಿಂದ ಜಾರಿ ಕಿವಿಯ ಕಡೆಗೆ ಹರಿಯಿತು. ಬಗ್ಗಿ ಸೆರಗಿನಿಂದ ಒರೆಸಿದೆ.